ಹೊಯ್ಗೆಯಲ್ಲಿ ತೊಳೆದ ಬೆಳಕು

ಗಾಡಿ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಉಪ್ಪುಂದದಿಂದ ಬ್ರಹ್ಮಾವರದವರೆಗೆ ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಕೊಚ್ಚಿಕೊಳ್ಳುವ ಕಾಲವೂ ಒಂದಿತ್ತು, ಅದು ಮುಗಿದಿದೆ. ಈಗ ಯಾರಾದರೂ ನನ್ನ ಗಾಡಿ ನೋಡಿ ಎಷ್ಟು ಚೊಕ್ಕ ಇಟ್ಟುಕೊಂಡಿದ್ದೀರಿ ಎಂದರೆ ಮೈ ಉರಿಯುತ್ತದೆ.

ನಮ್ಮದು ಮೀನಿನ ಮನೆ. ಅಪ್ಪಯ್ಯ ಬಲೆ ಬೀಸಿ ಬದುಕಿದವರು. ಅಣ್ಣನಿಗೆ ಸಮುದ್ರ ಬೇಡವಾಗಿತ್ತು, ಸ್ಟೇರಿಂಗ್ ಬೇಕಾಗಿತ್ತು. ತೊಂಬತ್ತೇಳರಲ್ಲಿ ಅವನೂ ನಾನೂ ಸೇರಿ ಒಂದು ಹಳೆಯ ಟೆಂಪೊ ತೆಗೆದುಕೊಂಡೆವು. ಅಣ್ಣ ಓಡಿಸುವುದು, ನಾನು ಬುಟ್ಟಿ ಹತ್ತಿಸುವುದು, ಇಳಿಸುವುದು, ಮಾರುವುದು, ಕೊನೆಗೆ ತೊಳೆಯುವುದು. ಇದು ಕೂತು ಮಾತಾಡಿ ಹಂಚಿಕೊಂಡ ಕೆಲಸವಲ್ಲ. ಅವನು ನನಗಿಂತ ಎಂಟು ವರ್ಷ ದೊಡ್ಡವ, ಹೋಗಿ ಸೀಟಿನಲ್ಲಿ ಕೂತ. ನಾನು ಸಣ್ಣವ, ಹಿಂದೆ ಹತ್ತಿದೆ. ಅಷ್ಟೆ.

ಬೆಳಕು ಹರಿಯುವ ಮೊದಲೇ ಐಸು ತುಂಬಿಸಿಕೊಂಡು ಉಪ್ಪುಂದ ಬಿಡಬೇಕು. ಮರವಂತೆಯಲ್ಲಿ ರಸ್ತೆ ಸಮುದ್ರದ ಬಾಯಿಯಲ್ಲೇ ಹೋಗುತ್ತದೆ, ಮಳೆಗಾಲದಲ್ಲಿ ತೆರೆಯ ತುಂತುರು ಗಾಡಿಯ ಮುಖಕ್ಕೇ ಬಡಿಯುತ್ತದೆ. ಕುಂದಾಪುರದ ಮಾರ್ಕೆಟ್ಟಿನಲ್ಲಿ ಅರ್ಧ ಸರಕು ಇಳಿಸಿ, ಕೋಟ, ಸಾಲಿಗ್ರಾಮ ದಾಟಿ ಬ್ರಹ್ಮಾವರ. ಸಾಲಿಗ್ರಾಮದಲ್ಲಿ ದೇವಸ್ಥಾನದ ಹತ್ತಿರದ ಮನೆಯವರಿಗೆ ನಮ್ಮ ಗಾಡಿಯ ಗಾಳಿಯೂ ಬೇಡ. ಆದರೂ ಅಣ್ಣ ಅಲ್ಲಿ ಒಂದು ಚಾ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ. ಯಾವ ಯಕ್ಷಗಾನ ಮೇಳದ ಆಟ ಎಲ್ಲಿ, ಯಾವ ಪ್ರಸಂಗ, ಯಾರ ವೇಷ ಎಂಬ ಸುದ್ದಿಯೆಲ್ಲ ಆ ಚಾದಂಗಡಿಯಲ್ಲಿ ಸಿಗುತ್ತಿತ್ತು. ಆಟ ಎಂದರೆ ಅವನಿಗೆ ಹುಚ್ಚು. ಮೂವತ್ತು ಮೈಲಿಯಾದರೂ ಸರಿ, ಕೇರಿಯವರನ್ನೆಲ್ಲ ಟೆಂಪೊದಲ್ಲಿ ತುಂಬಿಕೊಂಡು ಹೋಗುತ್ತಿದ್ದ. ವಾಪಸು ಬರುವಾಗ ಎಲ್ಲರೂ ನಿದ್ದೆ, ಅವನೊಬ್ಬ ಭಾಗವತಿಕೆ ಮಾಡುತ್ತ ಗಾಡಿ ಬಿಡುತ್ತಿದ್ದ.

ಬ್ರಹ್ಮಾವರದಿಂದ ಹಿಂದೆ ಬರುವಾಗ ಗುಲ್ವಾಡಿಯ ಕಡೆ ಒಂದು ಸುತ್ತು. ಕೊನೆಯ ಬುಟ್ಟಿ ಅಲ್ಲಿ ಖಾಲಿ. ಅಲ್ಲೇ ಹೊಳೆಬದಿಯಲ್ಲಿ ಗಾಡಿ ನಿಲ್ಲಿಸಿ ತೊಳೆಯುವುದು ನನ್ನ ಪಾಲಿಗೆ. ಅಣ್ಣ ಮರದ ಬುಡದಲ್ಲಿ ಮುಂಡಾಸು ಹಾಸಿ ಮಲಗುತ್ತಿದ್ದ.

ಮೀನಿನ ಗಾಡಿ ತೊಳೆಯುವುದೆಂದರೆ ಬೇರೆ ಗಾಡಿ ತೊಳೆದ ಹಾಗಲ್ಲ. ಮೀನಿನ ನೀರು ಒಣಗಿದರೆ ಬರೀ ನೀರಿಗೆ ಬಿಡುವುದಿಲ್ಲ, ಹುರುಪೆ ಅಂಟಿದರೆ ಬಟ್ಟೆಗೆ ಬರುವುದಿಲ್ಲ. ನಮ್ಮ ಅಮ್ಮ ಮೀನಿನ ಪಾತ್ರೆಯನ್ನು ತೆಂಗಿನ ಕತ್ತದ ನಾರಿಗೆ ಒಂದು ಹಿಡಿ ಹೊಯ್ಗೆ, ಅಂದರೆ ಮರಳು, ಹಾಕಿ ಉಜ್ಜುತ್ತಿದ್ದಳು. ಕೇರಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ನಾನು ಅದನ್ನೇ ಗಾಡಿಗೆ ತಂದೆ. ಬಣ್ಣದ ಮೇಲೆ ಹೊಯ್ಗೆ ಹಾಕುವಷ್ಟು ದಡ್ಡ ನಾನಲ್ಲ. ಹಿಂದಿನ ತಗಡಿನ ತಳಕ್ಕೆ, ಚಕ್ರದ ಅಂಚಿಗೆ, ಮತ್ತು ಮುಂದಿನ ಎರಡು ಹೆಡ್‌ಲೈಟಿನ ಗಾಜಿಗೆ ಮಾತ್ರ. ಹೊಳೆಯ ಹೊಯ್ಗೆ ಹಿಟ್ಟಿನ ಹಾಗೆ ನುಣುಪು. ದುಂಡಗಿನ ದಪ್ಪ ಗಾಜು, ಮೇಲೆಲ್ಲ ಗೆರೆ ಗೆರೆ. ಆ ಗೆರೆಗಳ ಸಂದಿಯಲ್ಲಿ ಉಪ್ಪು, ಹುಳು, ಕೆಸರು ಎಲ್ಲ ಕೂತಿರುತ್ತಿತ್ತು. ಕತ್ತದಲ್ಲಿ ನಾಲ್ಕು ಸುತ್ತು ತಿರುಗಿಸಿ ಒಂದು ಚೊಂಬು ನೀರು ಹೊಯ್ದರೆ ಸಾಕು, ಹೊಸತರ ಹಾಗೆ. ಗೀರು ಬಿದ್ದಿದ್ದರೂ ಆ ಗೆರೆಗಳಲ್ಲಿ ಯಾರಿಗೂ ಕಾಣುವಂತಿರಲಿಲ್ಲ, ಬೆಳಕಿಗೂ ಏನೂ ಆಗಲಿಲ್ಲ. ಮದುಮಗನನ್ನು ಮೀಯಿಸುವ ಹಾಗೆ ತೊಳೆಯುತ್ತೇನೆಂದು ಉಳಿದ ಮೀನಿನ ಗಾಡಿಯವರು ನನ್ನನ್ನು ತಮಾಷೆ ಮಾಡುತ್ತಿದ್ದರು. “ಹ್ವಾಯ್, ಟೆಂಪೊಗೆ ಇವತ್ ಮದಿ ಗಡ, ಹೌದಾ?” ಎನ್ನುತ್ತಿದ್ದರು.

ಗಾಜು ಒಡೆಯುತ್ತಿರಲಿಲ್ಲವೇ ಎಂದರೆ, ಒಡೆಯುತ್ತಿತ್ತು. ವರ್ಷಕ್ಕೊಮ್ಮೆ ಮುಂದೆ ಹೋಗುವ ಬಸ್ಸಿನ ಚಕ್ರದಿಂದ ಜಲ್ಲಿ ಸಿಡಿದು ಟಕ್ಕೆಂದು ಬಡಿಯುತ್ತಿತ್ತು. ಕುಂದಾಪುರದಲ್ಲಿ ಸ್ಪೇರ್ ಪಾರ್ಟ್ಸಿನ ಅಂಗಡಿಗೆ ಹೋಗಿ ಗಾಜು ಕೊಡಿ ಎಂದರೆ ಗಾಜು ಮಾತ್ರ ಕೊಡುತ್ತಿದ್ದರು. ಎರಡು ಕಿಲೋ ಬಂಗುಡೆಯ ದುಡ್ಡು. ಉಂಗುರ ಬಿಚ್ಚಿ, ಒಡೆದದ್ದನ್ನು ತೆಗೆದು, ರಬ್ಬರು ಕೂರಿಸಿ ತಿರುಪು ಹಾಕಿದರೆ ಚಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಬಲ್ಬು ಹಳೆಯದೇ, ಬೆಳಕು ಚಿಮ್ಮಿಸುವ ಒಳಗಿನ ಬೋಗುಣಿ ಹಳೆಯದೇ. ಹೋದದ್ದು ಯಾವುದೋ ಅದನ್ನಷ್ಟೇ ಹಾಕಿದರಾಯಿತು.

ಎಂಟೊಂಬತ್ತು ವರ್ಷ ದುಡಿದ ಮೇಲೆ ಆ ಟೆಂಪೊದ ತಳ ತುಕ್ಕು ತಿಂದು ಹೋಯಿತು. ಹೊಸ ಗಾಡಿ ಬೇಕೆಂದು ಹಟ ಹಿಡಿದವನು ನಾನು. ಶೋರೂಮಿನಲ್ಲಿ ಇಸ್ತ್ರಿ ಅಂಗಿಯ ಹುಡುಗನೊಬ್ಬ ಗಾಡಿಯ ಮುಖ ತೋರಿಸಿದ. ಹೆಡ್‌ಲೈಟು ದುಂಡಗಿರಲಿಲ್ಲ, ಉದ್ದಕ್ಕೆ, ಓರೆಯಾಗಿ, ನುಣ್ಣಗೆ, ಒಳಗಿನ ಬೋಗುಣಿಯೆಲ್ಲ ಕಾಣುವಷ್ಟು ತಿಳಿ. ಅವನು ಬೆರಳ ಗೆಣ್ಣಿನಿಂದ ಅದಕ್ಕೆ ಜೋರಾಗಿ ಕುಟ್ಟಿ, ಇದು ಗಾಜಲ್ಲ, ಕಲ್ಲು ಬಿದ್ದರೂ ಒಡೆಯುವುದಿಲ್ಲ ಎಂದ. ಅಣ್ಣ ಬಗ್ಗಿ ನೋಡಿ ಒಂದೇ ಪ್ರಶ್ನೆ ಕೇಳಿದ.

“ಇದ್ ಹಾಳಾರೆ ಮುಂದಿನ್ ಗಾಜ್ ಒಂದೇ ಸಿಕ್ಕುತ್ತಾ?”

“ಹಾಳೇ ಆಗೋದಿಲ್ಲ ಸಾರ್” ಎಂದ ಹುಡುಗ. ನಾನು ನಕ್ಕೆ. ನಮ್ಮ ಅಣ್ಣ ಇನ್ನೂ ಆ ಕಾಲದಲ್ಲೇ ಇದ್ದಾನೆ ಎಂದು ಆ ಹುಡುಗನ ಮುಂದೆಯೇ ಹೇಳಿದೆ.

ಪ್ಲಾಸ್ಟಿಕ್ಕಿನ ಮೇಲೆ ಸುಳ್ಳು ದೂರು ಹೊರಿಸಬಾರದು. ಅದು ಒಡೆಯಲಿಲ್ಲ. ನಾಲ್ಕೈದು ವರ್ಷ ಎಷ್ಟು ಜಲ್ಲಿ ಸಿಡಿಯಿತೋ ಲೆಕ್ಕವಿಲ್ಲ, ಒಂದು ಬಿರುಕು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಗಾಜು ಹಾಳಾದರೆ ಹಾಳಾದೆನೆಂದು ಆ ಕ್ಷಣವೇ ಹೇಳುತ್ತದೆ. ಇದು ಹೇಳುವುದಿಲ್ಲ. ದಿನಕ್ಕೊಂದು ಚೂರು ಮಂಕಾಗುತ್ತ ಹೋಗುತ್ತದೆ, ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಇಲ್ಲ. ಕೊನೆಗೆ ಮನುಷ್ಯ ದೀಪವನ್ನು ಬಿಟ್ಟು ಮನುಷ್ಯನ ಮೇಲೆ ಸಂಶಯಪಡುತ್ತಾನೆ.

ಬಿಸಿಲು, ಉಪ್ಪುಗಾಳಿ ಸೇರಿ ಅದು ಮೊದಲು ಅಂಚಿನಲ್ಲಿ ಹಳದಿಯಾಯಿತು. ನನಗೆ ಅದು ಕೊಳೆಯಂತೆ ಕಂಡಿತು. ಹಳದಿ ಕಂಡಷ್ಟೂ ಹೊಯ್ಗೆ ಹೆಚ್ಚು ಹಾಕಿದೆ. ಬಲ ಹಾಕಿ ಉಜ್ಜಿದೆ. ಒದ್ದೆ ಇರುವಾಗ ಅದು ಫಳಫಳ ಎನ್ನುತ್ತಿತ್ತು, ನಾನು ಸಂತೋಷಪಡುತ್ತಿದ್ದೆ. ಒಣಗಿದ ಮೇಲೆ ನೋಡುವ ಬುದ್ಧಿ ಬರಲಿಲ್ಲ. ಕತ್ತಲಲ್ಲಿ ಹೋಗುವಾಗಲಾದರೂ ಗೊತ್ತಾಗಬೇಕಿತ್ತು ಎಂದು ನೀವು ಕೇಳಬಹುದು. ಹೋಗುವಾಗ ನಾನು ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ. ಹದಿನಾಲ್ಕು ವರ್ಷ ಹಾಗೇ ಹೋದೆ. ಕುಂದಾಪುರದ ಸೇತುವೆ ಬಂದಾಗ ಅಣ್ಣ ಎಬ್ಬಿಸುತ್ತಿದ್ದ.

ಅವನು ಹೇಳಲಿಲ್ಲವೇ? ಹೇಳಿದ.

“ಹ್ವಾಯ್, ಬೆಳ್ಕ್ ಸಾಕಾತಿಲ್ಲ ಮಾರಾಯ. ಎದುರ್ ಗಾಡಿ ಬಂದ್ರೆ ಎಂತದೂ ಕಾಂತಿಲ್ಲ.”

“ಬಲ್ಬ್ ಮೊನ್ನೆಯೇ ಹೊಸ್ತ್ ಹಾಕಿತ್ತಲೆ. ಇನ್ನೆಂತ ಮಾಡ್ಕ್?” ಎಂದೆ.

ಇನ್ನೊಮ್ಮೆ ಹೇಳಿದ, ಇನ್ನೊಂದು ಜೊತೆ ಬಲ್ಬು ಹಾಕಿದೆ. ಮೂರನೆಯ ಸಲ ಹೇಳಿದಾಗ ಅವನ ಮುಖ ನೋಡಿ, “ಬಲ್ಬ್ ಸಮ ಇತ್ತ್. ಒಂದ್ಸಲ ಕಣ್ಣ್ ತೋರ್ಸ್” ಎಂದೆ. ಆಮೇಲೆ ಅವನು ಬೆಳಕಿನ ವಿಷಯ ಎತ್ತಲೇ ಇಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಅಪ್ಪಯ್ಯನಿಗೆ ಐವತ್ತರ ಒಳಗೇ ಎರಡೂ ಕಣ್ಣು ಹೋಗಿತ್ತು. ಮೊದಲು ಮುಸ್ಸಂಜೆ ಕಾಣಲಿಲ್ಲ, ಆಮೇಲೆ ಹಗಲೂ ಕಾಣಲಿಲ್ಲ. ಕಡಲಿನ ಕರೆಗೆ, ದೋಣಿ ಬರುವ ದಡಕ್ಕೆ, ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವನು ಅಣ್ಣ. ಅಪ್ಪಯ್ಯ ಅಲ್ಲಿ ಕೂತು ಬಂದ ಬಂದ ದೋಣಿಯ ಸದ್ದಿಗೆ ಅದು ಯಾರದ್ದೆಂದು ಕೇಳುತ್ತಿದ್ದರು. ಅಣ್ಣ ಈ ಲೋಕದಲ್ಲಿ ಹೆದರುತ್ತಿದ್ದುದು ಅದೊಂದಕ್ಕೇ. ಅವನ ವಯಸ್ಸು ಆಗ ನಲವತ್ತೆಂಟು.

ಕುಂದಾಪುರದಲ್ಲಿ ಕಣ್ಣು ಪರೀಕ್ಷೆಯ ಶಿಬಿರ ಬಂದಾಗ ನಾನೇ ಕರೆದುಕೊಂಡು ಹೋದೆ. ದೂರದ ದೃಷ್ಟಿ ಸರಿಯಿದೆ, ಪೇಪರ್ ಓದಲು ಮಾತ್ರ ಕನ್ನಡಕ ಸಾಕು ಎಂದರು. ಅಣ್ಣನ ಮುಖ ಅರಳಿತು. ಅದನ್ನೂ ನಾನು ಉಳಿಸಲಿಲ್ಲ. ಹಗಲು ಹೊತ್ತಿನಲ್ಲಿ ಬಾಗಿಲ ಎದುರು ಕೂರಿಸಿ ದೊಡ್ಡ ಅಕ್ಷರ ಓದಿಸಿದರೆ ಯಾರಿಗೆ ಕಾಣುವುದಿಲ್ಲ, ಇದೆಂಥ ಪರೀಕ್ಷೆ ಎಂದು ದಾರಿಯುದ್ದಕ್ಕೂ ಹೇಳಿದೆ. ನನಗೆ ಎಲ್ಲದರ ಮೇಲೂ ಒಂದು ಮಾತು ಇರುತ್ತಿತ್ತು.

ಅದೇ ಮಳೆಗಾಲದಲ್ಲಿ ಅದು ಆಯಿತು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿ ಅಲ್ಲಲ್ಲಿ ರಸ್ತೆ ತಿರುಗಿಸಿದ್ದರು. ತ್ರಾಸಿಯ ಈಚೆಗೆ ಧಡ್ ಎಂದು ಸದ್ದಾಗಿ ನನಗೆ ಎಚ್ಚರವಾಯಿತು. ಗಾಡಿ ರಸ್ತೆಗೆ ಅಡ್ಡ ಇಟ್ಟಿದ್ದ ಒಂದು ಡ್ರಮ್ಮಿಗೆ ಬಡಿದು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಎಡಗಡೆಯ ಹೆಡ್‌ಲೈಟು ಚೂರಾಗಿತ್ತು, ನಾಲ್ಕು ಬುಟ್ಟಿ ಬಂಗುಡೆ ಹಿಂದೆ ಚೆಲ್ಲಿತ್ತು. ಅಣ್ಣ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಸುತ್ತ ಬೆಳಕು ಹರಿಯುತ್ತಿತ್ತು.

“ಅಷ್ಟ್ ದೊಡ್ ಡ್ರಮ್ ಕಾಂತಿಲ್ಯಾ ನಿಂಗೆ?”

“ಹತ್ರ ಬಂದ್ಮೇಲೇ ಕಂಡದ್ ಮಾರಾಯ.”

ನನ್ನ ಬಾಯಿಗೆ ಲಗಾಮು ಇರಲಿಲ್ಲ. “ಅಪ್ಪಯ್ಯನ್ ಕಣ್ಣೇ ನಿಂಗೂ ಬಂದಿತ್ತ್. ಯಾರ್ನಾರೂ ಕೊಂದ್ ಹಾಕುಕ್ ಮುಂಚೆ ಕೀ ಕೆಳ್ಗಿಡ್” ಎಂದೆ.

ಅವನು ಜಗಳವಾಡಲಿಲ್ಲ. ಜಗಳವಾಡಬೇಕಿತ್ತು, ದೊಡ್ಡವನಾಗಿ ನನಗೆ ಎರಡು ಬಾರಿಸಬೇಕಿತ್ತು. ಇಂಜಿನ್ ಬಂದ್ ಮಾಡಿ, ಕೀ ತೆಗೆದು ಸೀಟಿನ ಮೇಲಿಟ್ಟು ಇಳಿದ. ಮೀನು ಬಾಚಿ ಬುಟ್ಟಿಗೆ ತುಂಬಲು ನನ್ನ ಜೊತೆ ಕೈಜೋಡಿಸಿದ. ಆಮೇಲೆ ಉಪ್ಪುಂದದ ಕಡೆ ಹೋಗುವ ಬಸ್ಸಿಗೆ ಕೈ ತೋರಿಸಿ ಹತ್ತಿ ಹೋದ.

ಬೆಳಗಾಗಿದ್ದರಿಂದ ನಾನೇ ಗಾಡಿ ಕುಂದಾಪುರಕ್ಕೆ ತಂದೆ. ನನಗೆ ಲೈಸೆನ್ಸ್ ಇತ್ತು, ಹಗಲಲ್ಲಿ ಒಮ್ಮೊಮ್ಮೆ ಓಡಿಸುತ್ತಿದ್ದೆ. ಮೀನು ಇಳಿಸಿ, ಒಡೆದ ಚೂರು ಹಿಡಿದುಕೊಂಡು ಹಳೆಯ ಅಂಗಡಿಗೇ ಹೋಗಿ ಮುಂದಿನ ಗಾಜು ಒಂದು ಕೊಡಿ ಎಂದೆ. ಅಂಗಡಿಯ ಯಜಮಾನರಿಗೆ ನಗು ಬಂತು.

“ಇದ್ರಗೆ ಗಾಜ್ ಅಂದೇಳಿ ಇಲ್ಲ ಮರ್ರೆ. ಎಲ್ಲ ಅಂಟ್ಸಿ ಬಪ್ಪುದ್, ಸೆಟ್ಟೇ ತಕಣ್ಕ್.”

ಅವರು ಹೇಳಿದ ದರದಲ್ಲಿ ಹಳೆಯ ಟೆಂಪೊಗೆ ಹದಿನೈದು ವರ್ಷ ಗಾಜು ಹಾಕಬಹುದಿತ್ತು. ನಾನು ಬೈದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ನನ್ನ ಕೈಯಿಂದ ಚೂರು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಆಚೆಯ ರಸ್ತೆ ಕಾಣಲಿಲ್ಲ. ಬಚ್ಚಲಿನ ಕಿಟಕಿಗೆ ಹಾಕುವ ಮಬ್ಬು ಗಾಜಿನ ಹಾಗಿತ್ತು.

“ಇದನ್ನ್ ಎಂತದ್ರಗ್ ತೊಳಿತ್ರಿ?”

“ನೀರಗೆ.”

“ಬರೀ ನೀರಗಾ?”

“ಬರೀ ನೀರಗೆ” ಎಂದೆ.

“ಗಾಜಾರೆ ಎಂತ ಹಾಕಿ ಉಜ್ಜಿರೂ ತಡ್ಕಂತಿತ್ತ್. ಇದಕ್ಕೆ ಮೇಲೊಂದ್ ತೆಳು ಪದ್ರ ಇರತ್ತ್. ಅದ್ ಹೋದ್ರೆ ಮುಗೀತ್, ಬೆಳ್ಕೆಲ್ಲ ಒಳ್ಗೇ ಉಳಿತ್ತ್. ಇಷ್ಟ್ ದಿನ ಇದ್ರಗೆ ಗಾಡಿ ಬಿಟ್ಟವ್ರ್ ಯಾರ್ ಮರ್ರೆ? ಅವ್ರ್ ಕಣ್ಣಿಗ್ ಕೈ ಮುಗಿಕ್” ಎಂದರು.

ಎಡಗಡೆಗೆ ಮಾತ್ರ ಹೊಸ ಸೆಟ್ಟು ಹಾಕಿಸಿದೆ. ಎರಡಕ್ಕೂ ದುಡ್ಡು ಹಾಕುವುದು ಯಾಕೆಂದು ಅನ್ನಿಸಿತು. ಮರುದಿನ ಬೆಳಗಿನ ಜಾವ ಮೊದಲ ಸಲ ನಾನು ಅಣ್ಣನ ಸೀಟಿನಲ್ಲಿ ಕೂತು ಲೈಟು ಹಾಕಿದೆ. ಎಡಗಡೆಯ ಬೇಲಿ, ಗಟಾರ, ಗಟಾರದ ಅಂಚಿನ ಹುಲ್ಲು ಎಲ್ಲ ಕಾಣುತ್ತಿತ್ತು. ಬಲಗಡೆ ಎರಡು ಮಾರು ದೂರದವರೆಗೆ ಒಂದು ಮಂಕು ಹಳದಿ, ಆಮೇಲೆ ಏನೂ ಇಲ್ಲ. ಈ ಬಲಗಡೆಯಂಥ ಎರಡು ದೀಪದಲ್ಲಿ ಅಣ್ಣ ಮಳೆಗಾಲದಲ್ಲಿ ಮರವಂತೆಯ ರಸ್ತೆಯಲ್ಲಿ ಗಾಡಿ ಬಿಟ್ಟಿದ್ದ, ಪಕ್ಕದಲ್ಲಿ ನನ್ನನ್ನು ಮಲಗಿಸಿಕೊಂಡು.

ಅವತ್ತೇ ಹೇಳಬೇಕಿತ್ತು. ಮನೆಗೆ ಬಂದಾಗ ಅವನು ಜಗಲಿಯಲ್ಲಿ ಕೂತಿದ್ದ. ಗಾಡಿ ಹೇಗಿದೆ ಎಂದು ಕೇಳಿದ. ಸಮ ಇದೆ ಎಂದೆ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಬಹಳ ವರ್ಷ ನಾನೇ ನನಗೆ ಒಳ್ಳೊಳ್ಳೆಯ ಕಾರಣ ಕೊಟ್ಟುಕೊಂಡಿದ್ದೇನೆ. ನಾಚಿಕೆ ಎಂದೆ. ಹೇಗೂ ವಯಸ್ಸಾಯಿತು, ಅವನಿಗೂ ವಿಶ್ರಾಂತಿ ಬೇಕು ಎಂದೆ. ಅವೆಲ್ಲ ಸುಳ್ಳು. ಆ ಸೀಟು ನನಗೆ ಹಿಡಿಸಿತ್ತು. ಮಾರ್ಕೆಟ್ಟಿನಲ್ಲಿ ಬಾಗಿಲು ತೆರೆದು ಇಳಿಯುವಾಗ ಜನ ನನ್ನನ್ನು ಕರೆಯುವ ರೀತಿ ಬದಲಾಗಿತ್ತು. ಬುಟ್ಟಿ ಹೊರಲು ಸಂಬಳದ ಜನ ಇಟ್ಟೆ. ಒಂದು ತಿಂಗಳಲ್ಲಿ ಬಲಗಡೆಯ ಸೆಟ್ಟನ್ನೂ ಬದಲಾಯಿಸಿದೆ. ಅಣ್ಣ ಕಾಣುವುದಿಲ್ಲ ಎಂದಾಗ ಬಲ್ಬು ಹಾಕಿದವನು ನಾನು. ನನಗೆ ಕಾಣುವುದಿಲ್ಲ ಎಂದಾಗ ದುಡ್ಡು ಎಲ್ಲಿಂದಲೋ ಬಂತು. ಹೊಯ್ಗೆ, ಕತ್ತ ಹೊಳೆಯಲ್ಲೇ ಬಿಟ್ಟೆ. ಈಗ ಒದ್ದೆ ಬಟ್ಟೆ, ಮೆತ್ತಗೆ.

ಅಣ್ಣ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ. ಗಡ್ಡೆ ಎಳೆದು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸುವ ಕೆಲಸ. ಕೈಯೆಲ್ಲ ಬಿರಿದು ಹೋಯಿತು. ನಮ್ಮ ಗಾಡಿಗೂ ಐಸು ಅಲ್ಲಿಂದಲೇ. ಆರು ವರ್ಷ ದಿನಾ ಬೆಳಗ್ಗೆ ನಾನು ಸೀಟಿನಲ್ಲಿ ಕೂತಿರುತ್ತಿದ್ದೆ, ಅವನು ಹಿಂದೆ ಐಸು ತುಂಬುತ್ತಿದ್ದ. ತುಂಬಿ ಆದ ಮೇಲೆ ತಗಡಿಗೆ ಎರಡು ಸಲ ಬಡಿಯುತ್ತಿದ್ದ, ನಾನು ಹೊರಡುತ್ತಿದ್ದೆ.

ಹಗಲಿನಲ್ಲಿ ಅವನ ಕಣ್ಣು ಹದ್ದಿನ ಕಣ್ಣು. ದೂರದಲ್ಲಿ ಬರುವ ದೋಣಿ ಯಾರದ್ದೆಂದು ಕರೆಯಲ್ಲಿ ನಿಂತವರೆಲ್ಲರಿಗಿಂತ ಮೊದಲು ಹೇಳುತ್ತಿದ್ದ. ಆದರೆ ಹೊತ್ತು ಕಂತಿದರೆ ಬೇರೆಯೇ ಮನುಷ್ಯ. ಕಾಲು ಎತ್ತಿ ಇಡುವುದನ್ನು ಬಿಟ್ಟು ನೆಲಕ್ಕೆ ಸವರಿಕೊಂಡು ನಡೆಯತೊಡಗಿದ. ಗೋಡೆಗೆ ಕೈ ಕೊಟ್ಟುಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಆಟಕ್ಕೆ ಹೋಗುವುದು ಬಿಟ್ಟ. ಕೇರಿಯವರು ಕರೆದರೆ, “ವೇಷ ಕಾಂಬುಕಾಗ್ದೆ ಎಂತಕ್ಕ್ ಬಪ್ಪುದ್?” ಎನ್ನುತ್ತಿದ್ದ. ಒಂದು ಸಲವಾದರೂ ಹೋಗಿ ನೋಡಿದ್ದರೆ ಕಾಣುತ್ತಿತ್ತು. ಹೋಗಲಿಲ್ಲ, ಕಾಣುವುದಿಲ್ಲವೆಂದು ಅವನಿಗೆ ಅಷ್ಟು ಗಟ್ಟಿಯಾಗಿ ಗೊತ್ತಿತ್ತು. ಗೊತ್ತು ಮಾಡಿಸಿದವನು ನಾನು.

ಕಳೆದ ಮದುವೆ ಸೀಸನ್ನಿನಲ್ಲಿ ಬ್ರಹ್ಮಾವರದ ಮದುವೆ ಮಂಟಪದಲ್ಲಿ ಸಂಬಂಧಿಕರ ಮನೆಯ ಔತಣ. ಹೊರಡುವಾಗ ಮುಸ್ಸಂಜೆ. ಮಂಟಪದ ಮೆಟ್ಟಿಲ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಸೂಜಿ ಬಿದ್ದರೂ ಹೆಕ್ಕಬಹುದಿತ್ತು. ಅತ್ತಿಗೆ ಅಣ್ಣನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಳು. ಅವನು ಮುಖ ಸ್ವಲ್ಪ ಮೇಲೆತ್ತಿ, ಕಾಲಿನಿಂದ ಅಂಚು ತಡವಿ ತಡವಿ ಇಳಿಯುತ್ತಿದ್ದ. ಅಪ್ಪಯ್ಯ ಇಳಿಯುತ್ತಿದ್ದುದು ಹಾಗೆಯೇ.

ಮರುದಿನ ಹಗಲು ಹನ್ನೊಂದು ಗಂಟೆಗೆ ಅವನ ಮನೆಗೆ ಹೋದೆ. ಅವನು ಅಂಗಳದ ಕಟ್ಟೆಯಲ್ಲಿ ಕೂತು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹೊಯ್ಗೆ, ಕತ್ತ, ಅಂಗಡಿಯವರು ಬೆಳಕಿಗೆ ಹಿಡಿದು ತೋರಿಸಿದ ಚೂರು, ನಾನು ಹೇಳಿದ ಸುಳ್ಳು, ಎಡಗಡೆ ಕಂಡ ಹುಲ್ಲು, ಬಲಗಡೆ ಕಾಣದ ರಸ್ತೆ.

“ನಿನ್ ಕಣ್ಣಿಗ್ ಎಂತದೂ ಆಯ್ಲ ಅಣ್ಣ. ಹಾಳಾದ್ದ್ ಲೈಟ್. ಹಾಳ್ ಮಾಡದ್ ನಾನ್.”

ಅವನು ಕೇಳುತ್ತಲೇ ಇದ್ದ. ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ನಾನು ಕಡಲಿನ ಕಡೆ ಕೈ ತೋರಿಸಿ, “ಆ ದೋಣಿ ಯಾರದ್ದ್ ಹೇಳ್ ಕಾಂಬ” ಎಂದೆ. ನನಗೆ ಅದೊಂದು ಚುಕ್ಕಿ. ಅವನು ತಟ್ಟನೆ ಹೇಳಿದ, ಹೇಳಿದ್ದು ಸರಿಯೂ ಆಗಿತ್ತು.

“ಕಂಡ್ಯಾ? ಕಾಂತಿತ್ತಲ್ದಾ?”

“ಹಗಲ್ ಅಲ್ದಾ ಮಾರಾಯ” ಎಂದ. “ಹಗಲ್ ಅಪ್ಪಯ್ಯಂಗೂ ಕಾಂತಿತ್ತ್, ಸುರುವಿಗೆ.”

ಗಾಡಿ ತರುತ್ತೇನೆ, ಇವತ್ತು ಸಂಜೆಗೆ ನೀನೇ ಓಡಿಸಿ ನೋಡು ಎಂದೆ. ಕಿಸೆಯಿಂದ ಕೀ ತೆಗೆದು ಅವನ ಎದುರು ಹಿಡಿದೆ. ಅವನು ಎಣ್ಣೆಯ ಎರಡೂ ಕೈಯನ್ನು ಹಿಂದೆ ತೆಗೆದುಕೊಂಡ. ಬೇಡ ಎನ್ನುವವನ ಹಾಗಲ್ಲ, ಹೆದರಿದವನ ಹಾಗೆ. ನಾನು ಅಳುತ್ತಿದ್ದೆ. ಅವನು ನನ್ನ ಬೆನ್ನ ಮೇಲೆ ಮೊಣಕೈಯಿಂದ ಮೆಲ್ಲಗೆ ತಟ್ಟಿದ, ಅಂಗಿಗೆ ಎಣ್ಣೆ ಆಗಬಾರದೆಂದು.

“ನೀ ಒಳ್ಳೆವ. ನನ್ ಬೇಜಾರ್ ಕಾಂಬುಕಾಗ್ದೆ ಹೀಂಗೆಲ್ಲ ನೀನೇ ಹುಟ್ಸಿ ಹೇಳ್ತಿದ್ದೆ. ನನ್ ಕಣ್ಣಿನ್ ಪಾಪ ನಿನ್ ತಲೆ ಮೇಲ್ ಎಂತಕ್ಕ್ ಹಾಕಂತೆ? ಬ್ಯಾಡ ಮಾರಾಯ.”

ಅಲ್ಲ, ನಿಜ ಎಂದೆ. ದೇವರಾಣೆ ಎಂದೆ. ಅವನು ನಕ್ಕು ತಲೆಯಾಡಿಸಿ ಒಳಗೆ ಅತ್ತಿಗೆಗೆ ಕೂಗಿ ಹೇಳಿದ, “ಹ್ವಾಯ್, ಕೇಂತಾ? ಇವಂಗೊಂದ್ ಚಾ ಮಾಡ್. ಸಕ್ರೆ ಜಾಸ್ತಿ ಹಾಕ್.”

ಅತ್ತಿಗೆ ಚಾ ತಂದು ಕೊಟ್ಟಳು. ಅಣ್ಣನ ಮೇಲೆ ಇಷ್ಟು ಪ್ರೀತಿ ಇಟ್ಟಿರುವ ತಮ್ಮ ಯಾರಿಗೆ ಸಿಗುತ್ತಾನೆ ಎಂಬ ಹಾಗೆ ನನ್ನನ್ನೇ ನೋಡುತ್ತ ನಿಂತಳು. ನಾನು ಕಟ್ಟೆಯ ಮೇಲೆ ಕೂತು ಆ ಚಾ ಪೂರ್ತಿ ಕುಡಿದೆ.